ಎಡದ್ದು ಎಡಕ್ಕೇ

ಹಿಂದಿನ ಚಕ್ರಗಳ ಡ್ರಮ್ ಬ್ರೇಕ್ ಬಿಚ್ಚುವಾಗ ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆಗೆ ಕೈಹಾಕಬೇಕು. ಯಾವ ಸ್ಪ್ರಿಂಗು ಎಲ್ಲಿಗೆಂದು ಮರೆತರೆ ಬಿಚ್ಚದ ಕಡೆ ನೋಡಿಕೊಳ್ಳಬಹುದು. ಮೂವತ್ತೆಂಟು ವರ್ಷದಿಂದ ಕಂಡಕಂಡ ಮೆಕ್ಯಾನಿಕ್ಕುಗಳಿಗೆಲ್ಲ ಇದನ್ನು ಬೋಧಿಸಿದವನು ನಾನು. ಹೇಳುವುದು ಆಚಾರ, ಮಾಡುವುದು ಅನಾಚಾರ! ಹೋದ ವಾರ ಅಕ್ಕನ ಕಾರಿನ ಎರಡೂ ಕಡೆ ಒಟ್ಟಿಗೆ ಬಿಚ್ಚಿಕೊಂಡು ಕೂತಿದ್ದೆ. ಕಾರು ಭಾವನದು, ನನ್ನ ಕಸುಬಿನಷ್ಟೇ ಹಳೆಯದು. ಭಾವ ತೀರಿಕೊಂಡ ಮೇಲೆ ಅಕ್ಕನೇ ಓಡಿಸುತ್ತಾಳೆ.

ಇವತ್ತು ಬೆಳಿಗ್ಗೆ ಶೆಡ್ಡಿನಲ್ಲಿ ಬೇರೊಂದು ಗಾಡಿಗೆ ಅಡ್ಜಸ್ಟರ್ ಕೂರಿಸುತ್ತಿದ್ದೆ. ಬ್ರೇಕ್ ಶೂ ಸವೆದಂತೆಲ್ಲ ಅದನ್ನು ಡ್ರಮ್ಮಿನ ಹತ್ತಿರಕ್ಕೆ ತಳ್ಳುವ ಗೇಣುದ್ದದ ತಿರುಪು ಅದು. ಎಡದ್ದು ಒಂದು ದಿಕ್ಕಿಗೆ ತಿರುಗಿದರೆ ಬಲದ್ದು ಇನ್ನೊಂದು ದಿಕ್ಕಿಗೆ. ಅದಲುಬದಲಾದರೆ ಬ್ರೇಕು ಬಿಗಿಯಾಗುವ ಬದಲು ದಿನದಿನಕ್ಕೆ ಸಡಿಲವಾಗುತ್ತದೆ. ನೋಡಲು ಅವಳಿಜವಳಿ, ಗುರುತಿಗೆ ಸಾಸಿವೆಯಷ್ಟು ಅಕ್ಷರ. ಕನ್ನಡಕ ಏರಿಸಿ ಅದನ್ನು ಓದುವಾಗ ತಟ್ಟನೆ ನೆನಪಾಯಿತು. ಅಕ್ಕನ ಕಾರು ಜೋಡಿಸಿದ ದಿನ ನನ್ನ ಕನ್ನಡಕ ಮನೆಯಲ್ಲೇ ಉಳಿದಿತ್ತು. ಆ ಕಾರಿನ ಅಡ್ಜಸ್ಟರಿನ ಹಲ್ಲುಚಕ್ರ ಉಲ್ಟಾ ತಿರುಗಿದ್ದು ಈಗ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅನುಮಾನವೇ ಇಲ್ಲ, ತಪ್ಪು ಹಾಕಿದ್ದೆ.

ಅಕ್ಕ ಆಗಲೇ ಇಬ್ಬರು ಮೊಮ್ಮಕ್ಕಳನ್ನು ಕೂರಿಸಿಕೊಂಡು ಬೆಟ್ಟದಾಚೆಯ ಮಗಳ ಮನೆಗೆ ಹೊರಟಾಗಿತ್ತು. ಫೋನು ಮಾಡಿದೆ, ಎತ್ತಲಿಲ್ಲ. ಓಡಿಸುವಾಗ ಫೋನ್ ಮುಟ್ಟಬೇಡ ಎಂದು ಅವಳಿಗೆ ಗದರಿದವನೂ ನಾನೇ.

ಸ್ಕೂಟರ್ ಹತ್ತಿದೆ. ಪ್ರತಿ ತಿರುವಿನಲ್ಲೂ ತಡೆಗೋಡೆ ಮುರಿದಿದೆಯೇ ಎಂದು ನೋಡಿದೆ. ನನ್ನ ಕೈ ಸೇದಿಹೋಗ ಎಂದು ದಾರಿಯುದ್ದಕ್ಕೂ ಶಪಿಸಿಕೊಂಡೆ. ಇಳಿಜಾರಿಗೆ ಮುಂಚೆ ಸಿಗುವ ಚಹಾದಂಗಡಿಯೆದುರು ಕಾರು ನಿಂತಿತ್ತು. ಮಕ್ಕಳು ಬಿಸ್ಕತ್ತು ತಿನ್ನುತ್ತಿದ್ದವು. ನೋಡಿದ್ದೇ ಅಳು ಬಂತು.

"ಏನೋ ಇದು, ದೆವ್ವ ಮೆಟ್ಟಿದೋನ ಹಾಗೆ ಬಂದಿದೀಯ?" ಅಂದಳು ಅಕ್ಕ.

"ಈ ಗಾಡಿ ಇಲ್ಲಿಂದ ಅಲ್ಲಾಡ್ಬಾರ್ದು. ಬ್ರೇಕ್ ತಪ್ಪು ಹಾಕ್ಬಿಟ್ಟಿದೀನಿ ಅಕ್ಕಾ. ಎಡದ್ದು ಬಲಕ್ಕೆ. ನಿಮ್ಮನ್ನೆಲ್ಲ ಕೊಂದೇ ಬಿಡ್ತಿದ್ದೆ."

"ಅದು ಮೊನ್ನೇನೇ..."

"ನೀನು ಸುಮ್ನಿರು!"

ಜಾಕ್ ಕೊಟ್ಟು ಚಕ್ರ ಕಳಚಿ ಡ್ರಮ್ ಎಳೆದೆ. ಧೂಳು ಒರೆಸಿ, ಕನ್ನಡಕ ಸರಿಮಾಡಿಕೊಂಡು ನೋಡಿದೆ. ಎಡದ್ದು ಎಡಕ್ಕೇ ಇತ್ತು. ಆ ಕಡೆಗೆ ಓಡಿ ಬಿಚ್ಚಿದೆ. ಬಲದ್ದೂ ಸರಿಯಾಗಿತ್ತು. ಇನ್ನೊಮ್ಮೆ ಒರೆಸಿ ಓದಿದೆ, ಅದೇ ಅಕ್ಷರ.

ಅಕ್ಕ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಮೊನ್ನೆ ಬೆಳಿಗ್ಗೆ ನಮ್ಮನೆಗೆ ಬಂದು ನೀನೇ ಸರಿಮಾಡಿದ್ಯಲ್ಲೋ. ಅದಲುಬದಲು ಮಾಡ್ಬಿಟ್ಟೆ ಅಂತ ನಿನ್ನನ್ನ ನೀನೇ ಬೈಕೊಂಡು ಎರಡೂ ಬದಲಾಯಿಸ್ದೆ. ಆಮೇಲೆ ನನ್ನ ಕೂರಿಸ್ಕೊಂಡು ಬೀದಿ ಸುತ್ತಿಸ್ದೆ. ನೆನಪಿಲ್ವಾ?"

ಎಷ್ಟು ಕೆದಕಿದರೂ ಮೊನ್ನೆಯ ಬೆಳಿಗ್ಗೆ ನನ್ನ ತಲೆಯೊಳಗೆ ಇರಲೇ ಇಲ್ಲ.

"ಇದೆ, ಇದೆ," ಅಂದೆ.

ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಚಿಕ್ಕಂದಿನಿಂದ ನನ್ನ ಸುಳ್ಳು ಹಿಡಿದವಳು.

"ಈ ತಿಂಗಳು ಇನ್ನೂ ಯಾರ್ಯಾರ ಬ್ರೇಕ್ ಮಾಡಿದೀಯ, ತಮ್ಮಾ?"

ನಮ್ಮ ಪಕ್ಕದಲ್ಲೇ ಒಂದರ ಹಿಂದೊಂದು ಕಾರುಗಳು ಇಳಿಜಾರಿಗೆ ಹೊರಳುತ್ತಿದ್ದವು.

"ಗೊತ್ತಿಲ್ಲ ಅಕ್ಕಾ," ಅಂದೆ.