ಬೂದು ಕೇಬಲ್ಲು

"ಒಂಬತ್ತನೇ ಕ್ಲಾಸು ದಾಟದೇ ಇರೋನ ಕೈಗೆ ಸರ್ವರ್ ಕೊಟ್ಟಿದ್ದು ನನ್ನ ತಪ್ಪು. ಮಿಕ್ಸಿ ರಿಪೇರಿ ಮಾಡ್ಕೊಂಡಿದ್ದೋನು ನೀನು. ಅಲ್ಲೇ ಬಿದ್ದಿರ್ಬೇಕಿತ್ತು!"

ಡಾಕ್ಟರ್ ಹೇಮಚಂದ್ರ ಇದನ್ನು ನನ್ನನ್ನು ಒಳಗೆ ಕರೆದು ಹೇಳಲಿಲ್ಲ. ವೇಟಿಂಗ್ ಹಾಲ್‌ನ ನಟ್ಟನಡುವೆ ನಿಂತು ಹೇಳಿದರು. ಹನ್ನೆರಡು ಕುರ್ಚಿ, ಹನ್ನೆರಡರಲ್ಲೂ ಜನ. ಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದ ಮುದುಕರೊಬ್ಬರು ಓದುತ್ತಿದ್ದ ಪೇಪರನ್ನು ಮಡಿಚಿ ಇಟ್ಟರು. ಅದರಲ್ಲಿಲ್ಲದ ಸುದ್ದಿ ಇಲ್ಲಿ ಸಿಕ್ಕಿತ್ತಲ್ಲ.

"ಸಾರ್, ಎರಡು ಮಿಷನ್ ಮಧ್ಯೆ ಲಿಂಕ್ ಹೋಗಿದೆ ಅಷ್ಟೆ. ಹಿಂದ್ಗಡೆ ಒಂದ್ಸಲ ನೋಡ್ಬಿಡ್ತೀನಿ..."

"ನೀನು ನೋಡಿದ್ದು ಸಾಕು. ಇಂಜಿನಿಯರ್ ಬಂದಿದಾರೆ. ಅವ್ರು ಮುಗಿಸೋವರ್ಗೂ ಆ ರೂಮಿಗೆ ಕಾಲಿಡ್ಬೇಡ. ಆಚೆ ನಡಿ."

ಪಕ್ಕದಲ್ಲಿದ್ದ ಇಂಜಿನಿಯರ್ ಶ್ರೀವತ್ಸನ ಕತ್ತಿನಲ್ಲಿ ಕಂಪನಿಯ ಟ್ಯಾಗು ನೇತಾಡುತ್ತಿತ್ತು. ವಯಸ್ಸು ನನಗಿಂತ ಎರಡು ವರ್ಷ ಹೆಚ್ಚಿದ್ದರೆ ಹೆಚ್ಚು. "ಇರ್ಲಿ ಬಿಡಿ ಡಾಕ್ಟ್ರೇ, ಎಲ್ಲಾ ಕಡೆ ಇಂಥವ್ರೊಬ್ರು ಇದ್ದೇ ಇರ್ತಾರೆ" ಅಂದ. ನಾನು ಎದುರಿಗೇ ನಿಂತಿದ್ದೆ.

ಮಿಕ್ಸಿ ರಿಪೇರಿ ಮಾಡುತ್ತಿದ್ದದ್ದು ಸುಳ್ಳಲ್ಲ. ಹೊಡೆಯಲು ಬಂದ ಮೇಷ್ಟರ ಕೋಲು ಕಿತ್ತು ಮುರಿದು ಹಾಕಿ ಸ್ಕೂಲು ಬಿಟ್ಟವನು ನಾನು. ಹೆಗ್ಗನಹಳ್ಳಿಯ ರಿಪೇರಿ ಅಂಗಡಿಯಿಂದ ವಿಜಯನಗರದ ಈ ಸ್ಕ್ಯಾನಿಂಗ್ ಸೆಂಟರಿಗೆ ವೈರು ಎಳೆಯಲು ಬಂದು ಇಲ್ಲೇ ಉಳಿದೆ. ಸೆಕೆಂಡ್ ಹ್ಯಾಂಡ್ ಪುಸ್ತಕ, ಮ್ಯಾಗಜೀನಿನ ಜೊತೆ ಪುಕ್ಕಟೆ ಬರುತ್ತಿದ್ದ ಸೀಡಿ ಇಟ್ಟುಕೊಂಡು ಸರ್ವರ್ ನಡೆಸುವ ಲಿನಕ್ಸ್ ಕಲಿತೆ. ಈ ಎರಡು ಸರ್ವರುಗಳನ್ನು ಕಟ್ಟಿ ನಿಲ್ಲಿಸಿದ್ದು ನಾನೇ. ಒಂದು, ಸಿ.ಟಿ. ಸ್ಕ್ಯಾನ್ ಮಿಷನ್ನಿಂದ ಬರುವ ಚಿತ್ರಗಳನ್ನು ಡಾಕ್ಟರಿಗೆ ತೋರಿಸುತ್ತದೆ. ಇನ್ನೊಂದು ಉಗ್ರಾಣ. ನಾಲ್ಕು ವರ್ಷದ ಸ್ಕ್ಯಾನುಗಳು ಅದರ ಡಿಸ್ಕುಗಳಲ್ಲಿವೆ. ಎರಡಕ್ಕೂ ಮಧ್ಯೆ ಕಂಪ್ಯೂಟರುಗಳನ್ನು ಕೂಡಿಸುವ ಸ್ವಿಚ್ ಅನ್ನುವ ಡಬ್ಬಿ ಇಲ್ಲ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ನೇರವಾಗಿ ಒಂದೇ ಕೇಬಲ್ಲು. ಮೊದಲನೆಯದರಲ್ಲಿ ಸ್ಕ್ಯಾನ್ ಫೋಲ್ಡರ್ ತೆರೆದರೆ ಕಾಣುವುದು ನಿಜವಾಗಿ ಎರಡನೆಯದರ ಹೊಟ್ಟೆ. ನಮ್ಮ ಮನೆ ಕಿಟಕಿಯಿಂದ ಪಕ್ಕದ ಮನೆ ಕಂಡ ಹಾಗೆ. ಕೇಬಲ್ಲು ಹೋದರೆ ಕಿಟಕಿ ಮುಚ್ಚಿಕೊಳ್ಳುತ್ತದೆ, ಪಕ್ಕದ ಮನೆ ಎಲ್ಲೂ ಹೋಗುವುದಿಲ್ಲ. ಆಗ ಬರುವ ಹೊಸ ಸ್ಕ್ಯಾನುಗಳು ಮೊದಲನೆಯದರಲ್ಲೇ, ಅದೇ ಹೆಸರಿನ ಖಾಲಿ ಫೋಲ್ಡರಿನಲ್ಲಿ ಬಂದು ಕೂರುತ್ತವೆ.

ಅವತ್ತು ಆಗಿದ್ದೂ ಅದೇ. ಶನಿವಾರ ಆಯುಧಪೂಜೆ, ನನಗೆ ರಜೆ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಫೋಲ್ಡರಿನಲ್ಲಿ ಬರೀ ಹನ್ನೊಂದು ಸ್ಕ್ಯಾನು, ಎಲ್ಲವೂ ಪೂಜೆ ಮುಗಿದ ಮೇಲಿನವು. ಉಗ್ರಾಣಕ್ಕೆ ಪಿಂಗ್ ಕಳಿಸಿದೆ. ಪಿಂಗ್ ಅಂದರೆ, ಇದ್ದೀಯಾ ಅಂತ ಕೂಗುವುದು. ಉತ್ತರವಿಲ್ಲ. ಫ್ಯಾನು ಮಾತ್ರ ತಿರುಗುತ್ತಿತ್ತು. ಜೀವ ಇದೆ, ಮಾತಿಲ್ಲ. ಹಿಂದುಗಡೆ ಕೇಬಲ್ಲಿನ ಪಕ್ಕದ ಹಸಿರು ದೀಪ ಉರಿಯುತ್ತಿದೆಯೋ ಇಲ್ಲವೋ ನೋಡೋಣವೆಂದು ಸರ್ವರುಗಳಿದ್ದ ಕಬ್ಬಿಣದ ಸ್ಟ್ಯಾಂಡು ಎಳೆಯುತ್ತಿದ್ದೆ. ಅಷ್ಟರಲ್ಲಿ ಡಾಕ್ಟರು ಬಂದು ಕಾಲರ್ ಹಿಡಿಯುವುದೊಂದು ಬಾಕಿ ಇಟ್ಟು ಹಾಲ್‌ಗೆ ಕರೆತಂದರು.

ಆ ಹನ್ನೆರಡು ಕುರ್ಚಿಗಳಲ್ಲಿ ಒಂದರಲ್ಲಿ ಶಿವಕ್ಕ ಕೂತಿದ್ದರು. ಮೂಡಲಪಾಳ್ಯದವರು, ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾರೆ. ಎಷ್ಟು ತೊಳೆದರೂ ಬೆರಳ ಸಂದಿನ ಕಪ್ಪು ಹೋಗುವುದಿಲ್ಲ. ಎರಡು ವರ್ಷದ ಕೆಳಗೆ ಇಲ್ಲೇ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತ್ತು. ಹೋದ ವಾರ ಮತ್ತೆ ಕೆಮ್ಮು ಎದ್ದು ಇನ್ನೊಂದು ಆಸ್ಪತ್ರೆಗೆ ಹೋಗಿದ್ದರು. ಅಲ್ಲಿಯ ಸರ್ಜನ್ನು ಹಳೇ ಸ್ಕ್ಯಾನು ತನ್ನಿ ಅಂದಿದ್ದರು. ಗಂಟು ಅಷ್ಟೇ ಇದ್ದರೆ ಅದರ ಪಾಡಿಗೆ ಇರಲಿ. ಬೆಳೆದಿದ್ದರೆ ಎದೆ ಕೊಯ್ದು ತೆಗೆಯಬೇಕು. ಹಳೇದು ಇಲ್ಲದಿದ್ದರೆ ಕಾಯುವಂತಿಲ್ಲ, ಕೊಯ್ಯುವುದೇ. ಇವತ್ತು ಮೂರು ಗಂಟೆಯೊಳಗೆ ತರಬೇಕು. ಮನೆಯಲ್ಲಿದ್ದ ಫಿಲಂ ಮಳೆಗೆ ಸೂರು ಸೋರಿ ಒಂದಕ್ಕೊಂದು ಅಂಟಿಹೋಗಿತ್ತು.

"ಕೊಯ್ಸ್ಕೊಂಡ್ರೆ ಆಮೇಲೆ ಕೂತು ಬತ್ತಿ ಹೊಸೆಯೋಕಾಗಲ್ಲಂತೆ ಕಣಪ್ಪ. ಹಳೇದು ಸಿಗತ್ತೆ ತಾನೆ?" ಬೆಳಿಗ್ಗೆ ಕೇಳಿದ್ದರು.

"ಸಿಗ್ದೆ ಎಲ್ಲೋಗತ್ತಮ್ಮ? ಹತ್ತು ನಿಮಿಷ ಕೂತ್ಕೊಳಿ" ಅಂದಿದ್ದೆ.

ಈಗ ಅವರ ಮುಂದೆಯೇ ಹಾದು ಆಚೆ ಹೊರಟಾಗ ನನ್ನ ಅಂಗಿಯ ತುದಿ ಹಿಡಿದರು. "ಬೇಜಾರ್ ಮಾಡ್ಕೋಬೇಡ ಕಣಪ್ಪ. ದೊಡ್ಡೋರು ಒಂದ್ಮಾತು ಅಂತಾರೆ. ನಂದೊಂದು ಮರೀಬೇಡ."

ಹೊರಗೆ ಗೇಟಿನ ಎರಡು ಕಡೆಯೂ ಪೂಜೆಗೆ ನಿಲ್ಲಿಸಿದ ಬಾಳೆಕಂದುಗಳು ಬಾಡಿ ಬಗ್ಗಿದ್ದವು. ಎಡಗಡೆಯದನ್ನು ಹುರಿಯಿಂದ ಕಟ್ಟಿದ್ದರು. ಬಲಗಡೆಯದನ್ನು ಬೂದು ಬಣ್ಣದ ಕೇಬಲ್ಲಿನಿಂದ. ಕೇಬಲ್ಲಿನ ತುದಿಯಲ್ಲಿ ಕೆಂಪು ಟೇಪು. ಆ ಟೇಪು ಸುತ್ತಿದವನು ನಾನು.

ನನ್ನ ಹಿಂದೆಯೇ ರಿಸೆಪ್ಷನ್ನಿನ ಅಂಬುಜಾ ಬಂದಳು. ಸಮಾಧಾನ ಮಾಡಲು ಬಂದಿರಬೇಕು.

"ಈ ವೈರ್ ಯಾರು ಕಿತ್ತಿದ್ದು?"

"ಸಾರೇ ಕಣೋ. ಪೂಜೆ ದಿನ ಹೊಸಾದು ಇರ್ಲಿ ಅಂತ ನೀಲಿದೊಂದು ತಂದು ಹಾಕಿದ್ರು. ಫಳಫಳ ಅಂತಿತ್ತು. ಇದು ಗಲೀಜಾಗಿತ್ತಲ್ಲ, ಬಿಸಾಕು ಅಂದ್ರು. ಹುರಿ ಸಾಲ್ಲಿಲ್ಲ, ಅದಕ್ಕೆ ನಾನೇ..." ಅವಳ ಮುಖ ಸಣ್ಣಗಾಯಿತು. "ಯಾಕೋ ಕೆಂಪ, ಬೇಕಿತ್ತಾ ಅದು?"

ನೋಡುವುದಕ್ಕೆ ಎರಡೂ ಒಂದೇ. ಆದರೆ ಸ್ವಿಚ್ ಇಲ್ಲದೆ ಎರಡು ಕಂಪ್ಯೂಟರನ್ನು ನೇರ ಜೋಡಿಸುವಾಗ ಒಂದು ತುದಿಯ ಒಳತಂತಿಗಳನ್ನು ಅದಲುಬದಲು ಮಾಡಿ ಕಟ್ಟಬೇಕು. ಇವನ ಬಾಯಿ ಅವನ ಕಿವಿಗೆ ಬರಬೇಕು. ಅಂಗಡಿಯ ನೀಲಿ ಕೇಬಲ್ಲಿನಲ್ಲಿ ಬಾಯಿಗೆ ಬಾಯಿ, ಕಿವಿಗೆ ಕಿವಿ. ನಮ್ಮ ಸರ್ವರುಗಳ ಹಳೇ ನೆಟ್‌ವರ್ಕ್ ಕಾರ್ಡುಗಳಿಗೆ ಅದು ನಡೆಯುವುದಿಲ್ಲ. ಬೂದು ಕೇಬಲ್ಲು ತಿರುಗಿ ಹಾಕಿದರೆ ಎರಡು ನಿಮಿಷದ ಕೆಲಸ.

"ಹಂಗಾದ್ರೆ ಹೋಗಿ ಹೇಳೋ."

"ಇಂಜಿನಿಯರ್ ಇದಾನಲ್ಲ, ಹುಡುಕ್ಲಿ. ಮಿಕ್ಸಿ ರಿಪೇರಿಯೋನ್ನ ಯಾಕೆ ಕೇಳ್ತೀರಾ?"

"ಲೋ, ಆಯಮ್ಮ ಕಾಯ್ತಾ ಇದಾರೆ."

"ಮೂರ್ ಗಂಟೆವರ್ಗೂ ಟೈಮಿದೆ. ಅವ್ನು ಸ್ವಲ್ಪ ಬೆವ್ರು ಸುರಿಸ್ಲಿ. ಆಮೇಲೆ ಅಷ್ಟೂ ಜನದ ಮುಂದೆ ತಗೊಂಡ್ಹೋಗಿ ಚುಚ್ತೀನಿ."

ಅಂಬುಜಾ ಒಳಗೆ ಹೋದಳು. ನಾನು ಎದುರಿನ ಟೀ ಅಂಗಡಿಗೆ ಹೋದೆ.

ಆ ಟೀ ಎಷ್ಟು ರುಚಿಯಾಗಿತ್ತೆಂದು ಈಗಲೂ ನೆನಪಿದೆ. ಕೇಬಲ್ಲು ಹಿಡಿದು ಹಾಲ್‌ನೊಳಗೆ ನಡೆದುಹೋಗುವುದನ್ನು, ಪೇಪರಿನ ಮುದುಕರು ನೋಡುವುದನ್ನು, ಹಸಿರು ದೀಪ ಹತ್ತಿದಾಗ ಡಾಕ್ಟರ ಮುಖ ಹೇಗಾಗುತ್ತದೆಂಬುದನ್ನು ಮತ್ತೆ ಮತ್ತೆ ಕಣ್ಣಿಗೆ ತಂದುಕೊಂಡೆ. ಪ್ರತಿಸಲವೂ ನಾನು ಹೇಳುವ ಮಾತು ಇನ್ನಷ್ಟು ಚೂಪಾಗುತ್ತಿತ್ತು. ಅದಕ್ಕೇ ಇನ್ನೊಂದು ಟೀ ಹೇಳಿದೆ.

"ಏನ್ ಗುರು, ಬೆಳಿಗ್ಗೆ ಬೆಳಿಗ್ಗೇನೇ ಡಬಲ್ಲು? ಪ್ರಮೋಷನ್ನಾ?" ಅಂದ ಟೀ ಅಂಗಡಿಯವನು.

"ಆಗತ್ತೆ ನೋಡ್ತಾ ಇರು" ಅಂದೆ.

ಅರ್ಧ ಗಂಟೆಯಾಗಿರಬೇಕು. ಬಾಳೆಕಂದಿನ ಗಂಟು ಬಿಗಿದುಹೋಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಕಂದು ಗೇಟಿಗೆ ಅಡ್ಡಲಾಗಿ ಬಿತ್ತು. ಕೇಬಲ್ಲಿಗೆ ಬಾಳೆಯ ಸೊನೆ ಅಂಟಿತ್ತು, ಅಂಗಿಗೆ ಒರೆಸಿಕೊಂಡೆ. ಹಾಲ್ ದಾಟಿ ಯಾರನ್ನೂ ಕೇಳದೆ ಸರ್ವರ್ ರೂಮಿಗೆ ನುಗ್ಗಿದೆ.

ಶ್ರೀವತ್ಸ ಉಗ್ರಾಣದ ಸರ್ವರಿನಿಂದ ಸೀಡಿ ತೆಗೆಯುತ್ತಿದ್ದ. "ಮುಗೀತು ಡಾಕ್ಟ್ರೇ. ಓಎಸ್ ಕರಪ್ಟ್ ಆಗಿತ್ತು. ಫಾರ್ಮ್ಯಾಟ್ ಹೊಡೆದು ಫ್ರೆಶ್ಶಾಗಿ ಹಾಕಿದೀನಿ."

"ಯಾವ್ದಕ್ಕೆ?" ಅಂದೆ.

"ಇದಕ್ಕೇ."

"ಡಿಸ್ಕುಗಳು?"

"ಎಲ್ಲಾ ಅಳ್ಸಿ ಕ್ಲೀನ್." ನನ್ನ ಮುಖ ನೋಡಿ ಅವನ ದನಿ ಸ್ವಲ್ಪ ಇಳಿಯಿತು. "ಡೇಟಾ ಮೊದಲನೇದ್ರಲ್ಲಿದೆಯಲ್ಲಪ್ಪ. ನೋಡು, ಫೋಲ್ಡರ್ ಕಾಣ್ತಾ ಇದೆ. ಇದು ಬ್ಯಾಕಪ್ ತಾನೆ?"

ನೀಲಿ ಕೇಬಲ್ಲು ಕಿತ್ತು ಬೂದುಬಣ್ಣದ್ದನ್ನು ಎರಡೂ ಕಡೆ ಚುಚ್ಚಿದೆ. ಹಸಿರು ದೀಪ ಹತ್ತಿತು. ಶ್ರೀವತ್ಸನನ್ನು ಪಕ್ಕಕ್ಕೆ ಸರಿಸಿ ಕೂತು, ಹೊಸ ಸಿಸ್ಟಮಿಗೆ ಅಡ್ರೆಸ್ ಕೊಟ್ಟೆ, ಫೋಲ್ಡರ್ ಹಂಚಿದೆ. ಮೊದಲನೆಯದರಿಂದ ಇದ್ದೀಯಾ ಅಂತ ಕೂಗಿದೆ. ಇದ್ದೀನಿ, ಇದ್ದೀನಿ, ಇದ್ದೀನಿ ಅಂತ ಸಾಲು ಸಾಲಾಗಿ ಉತ್ತರ ಬಂತು. ಕಿಟಕಿ ತೆರೆದು ನೋಡಿದೆ. ಒಂದು ಫೈಲೂ ಇಲ್ಲ. ಪೂಜೆಯ ನಂತರದ ಹನ್ನೊಂದು ಸ್ಕ್ಯಾನು ಮೊದಲನೆಯದರಲ್ಲೇ, ತೆರೆದ ಕಿಟಕಿಯ ಮರೆಯಲ್ಲಿ ಅವಿತಿದ್ದವು, ಅವು ಸಿಗುತ್ತವೆ. ಶಿವಕ್ಕನದು ಆ ಹನ್ನೊಂದರಲ್ಲಿ ಇರಲಿಲ್ಲ.

ಡಾಕ್ಟರು ನನ್ನ ಕೈಯಲ್ಲಿದ್ದ ನೀಲಿ ಕೇಬಲ್ಲನ್ನು ನೋಡಿದರು. ಅರ್ಥವಾಗಲು ಅವರಿಗೆ ಬಹಳ ಹೊತ್ತು ಬೇಕಾಗಲಿಲ್ಲ.

"ಕೆಂಪರಾಜು, ವಾಪಸ್ ತರಕ್ಕಾಗಲ್ವಾ?" ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಪೂರ್ತಿ ಹೆಸರು ಅವರ ಬಾಯಲ್ಲಿ ಬಂತು. ಮರುಕ್ಷಣವೇ ಗಂಟಲು ಏರಿತು. "ಮುಂಚೇನೇ ಯಾಕೋ ಬೊಗಳ್ಲಿಲ್ಲ ನೀನು?"

ಆಚೆ ನಡಿ ಅಂದವರು ಯಾರು ಎಂದು ಕೇಳಬಹುದಿತ್ತು. ಅದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಗಿಲಲ್ಲಿ ಅಂಬುಜಾ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದರೆ, ಗೊತ್ತಿದ್ದೂ ಎರಡು ಟೀ ಕುಡಿಯುತ್ತ ಕೂತದ್ದೂ ಹೊರಗೆ ಬೀಳುತ್ತಿತ್ತು.

ನೀಲಿ ಕೇಬಲ್ಲನ್ನು ಮೇಜಿನ ಮೇಲಿಟ್ಟು ಎದ್ದೆ. ಅಂಬುಜಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಹಾಲ್‌ನಲ್ಲಿ ನಾನು ಬರುವುದನ್ನು ಕಂಡು ಶಿವಕ್ಕ ಎದ್ದು ನಿಂತರು. ಸೀಡಿ ಹಾಕಿಕೊಳ್ಳಲು ಮನೆಯಿಂದ ಪ್ಲಾಸ್ಟಿಕ್ ಕವರು ತಂದಿದ್ದರು. ಕಪ್ಪು ಬೆರಳುಗಳಲ್ಲಿ ಅದರ ಬಾಯಿ ಬಿಡಿಸಿ ಹಿಡಿದುಕೊಂಡಿದ್ದರು.

"ಸಿಕ್ತೇನಪ್ಪ ನಂದು?"

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಆಗಿರಲಿಲ್ಲ.

"ಏಯ್ ಮಗಾ, ನಿನ್ನೇ ಕೇಳ್ತಿರೋದು. ಸಿಕ್ತಾ?"

ಅವರ ಪಕ್ಕದಿಂದ ಸರಿದು ಆಚೆ ಬಂದೆ. ಬಾಳೆಕಂದು ಗೇಟಿಗೆ ಅಡ್ಡ ಬಿದ್ದೇ ಇತ್ತು. ದಾಟಿಕೊಂಡು ನಡೆದೆ.