ಅಲ್ಲಾಡಿದ್ದು ಯಾರು

ಸೆಮಿಫೈನಲ್ ಶುರುವಾಗಲು ಇನ್ನು ಇಪ್ಪತ್ತು ನಿಮಿಷ ಇದೆ ಎನ್ನುವಾಗ ಅಣ್ಣ ತಮ್ಮನ ಕೊರಳಪಟ್ಟಿ ಹಿಡಿದು ಕಬ್ಬಿಣದ ಬೀರುವಿಗೆ ಅಪ್ಪಳಿಸಿದ. ಆಟಗಾರರು ಬಟ್ಟೆ ಬದಲಿಸುವ ಕೋಣೆಯದು. ಬೀರುವಿನ ಹಿಡಿ ತಮ್ಮನ ತಲೆಯ ಹಿಂಭಾಗಕ್ಕೆ ಹೊಡೆದು ಕಣ್ಣು ಕತ್ತಲಿಟ್ಟಿತು.

"ಗೆದ್ದು ಕಾರ್ಡ್ ಇಸ್ಕೊಂಡು ಓಡಿಹೋಗೋ ಪ್ಲ್ಯಾನಾ? ಶೆಡ್ಡಲ್ಲಿ ಕೆಲಸ ಯಾರು ಮಾಡ್ತಾರೆ, ನಿಮ್ಮಪ್ಪ ಎದ್ದು ಬರ್ತಾನಾ?"

ತಮ್ಮನ ಅಪ್ಪನೇ ತನ್ನ ಅಪ್ಪನೂ ಎಂಬುದು ಸಿಟ್ಟು ನೆತ್ತಿಗೇರಿದವನಿಗೆ ನೆನಪಿರಲಿಲ್ಲ. ಮೂಲೆಯ ಕುರ್ಚಿಯಲ್ಲಿದ್ದ ಅಮ್ಮ ಮಕ್ಕಳಿಬ್ಬರ ಅಂಗಿಗಳನ್ನು ಮಡಚುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಮುಖಕ್ಕೆ ಹೊಡೀಬೇಡ ಕಣೋ. ಟೀವೀಲಿ ಕಾಣುತ್ತೆ."

ಅಣ್ಣ ಮಾತು ಕೇಳುವ ಮಗ. ಮುಖ ಬಿಟ್ಟು ಹೊಟ್ಟೆಗೆ ಗುದ್ದಿದ.

ಹಲಗೆಗೆ ಕಿರುಬಾಣ ಎಸೆಯುವ ಡಾರ್ಟ್ಸ್ ಆಟದ ವೃತ್ತಿಪರರ ನಡುವೆ ಅಣ್ಣನಿಗೆ ಸುತ್ತಿಗೆ ಎಂದೂ ತಮ್ಮನಿಗೆ ಕಂಬ ಎಂದೂ ಹೆಸರು. ಸುತ್ತಿಗೆ ಎಂದರೆ ನಿಜವಾದ ಸುತ್ತಿಗೆಯೇ. ಗುದ್ದಿಸಿಕೊಂಡ ಕಾರುಗಳ ತಗಡು ಬಡಿದು ನೇರ ಮಾಡುವ ಶೆಡ್ಡು ಅವರದು. ಅಪ್ಪ ಸತ್ತಾಗ ಅಣ್ಣನಿಗೆ ಹತ್ತೊಂಬತ್ತು, ತಮ್ಮನಿಗೆ ಹನ್ನೊಂದು. ಅವತ್ತಿನಿಂದ ಅಣ್ಣನ ಕೈಯಲ್ಲಿ ನೇರವಾಗಬೇಕಾದ ತಗಡುಗಳ ಸಾಲಿಗೆ ತಮ್ಮನೂ ಸೇರಿಕೊಂಡ.

ಶೆಡ್ಡಿನ ಹಿಂಗೋಡೆಗೆ ಒಂದು ಡಾರ್ಟ್ ಹಲಗೆ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಅಲ್ಲೇ ಪಾಠ. ಸರದಿಗೆ ಮೂರು ಡಾರ್ಟು ಎಸೆದು, ಬಿದ್ದ ಅಂಕ ಕಳೆಯುತ್ತ, ಆಟ ಐನೂರ ಒಂದರಿಂದ ಇಳಿದು ಸೊನ್ನೆಗೆ ಬರಬೇಕು. ಸೊನ್ನೆ ಮಾಡುವ ಕೊನೆಯ ಡಾರ್ಟು ಹಲಗೆಯ ಹೊರ ಅಂಚಿನ ಸಪೂರ ಪಟ್ಟಿಗೇ ನಾಟಬೇಕು. ಅಲ್ಲಿ ಬಿದ್ದರೆ ಅಂಕ ಎರಡರಷ್ಟು, ಅದಕ್ಕೇ ಅದನ್ನು ಡಬಲ್ ಎನ್ನುತ್ತಾರೆ. ಇಷ್ಟು ಜಗತ್ತಿಗೆಲ್ಲ ಒಂದೇ ನಿಯಮ. ಅವರ ಶೆಡ್ಡಿನಲ್ಲಿ ಮಾತ್ರ ಇನ್ನೊಂದಿತ್ತು. ತಮ್ಮ ಯಾವ ಡಬಲ್ ತಪ್ಪಿಸುತ್ತಾನೋ ಆ ಅಂಕಿಯ ಪಕ್ಕ ತನ್ನ ಎಡಗೈ ಹರಡಿ ಹಿಡಿಯಬೇಕು, ಅಣ್ಣ ಆ ಬೆರಳುಗಳ ಸಂದಿಗೆ ಮೂರು ಡಾರ್ಟ್ ಎಸೆಯುತ್ತಾನೆ. "ಹೆದರಿಕೆ ಸತ್ರೆ ಕೈ ತಾನೇ ನಿಲ್ಲುತ್ತೆ" ಎನ್ನುವುದು ಅವನ ಸಿದ್ಧಾಂತ. ಕೈ ಯಾರದು ಎಂಬುದಷ್ಟೇ ಆ ಸಿದ್ಧಾಂತದಲ್ಲಿ ಇರಲಿಲ್ಲ.

ಒಂದು ದಿನ ತಮ್ಮ ಡಬಲ್ ಹದಿನಾರು ತಪ್ಪಿಸಿದ. ಕೈ ಇಟ್ಟ. ಎರಡು ಡಾರ್ಟು ಸರಿಯಾಗಿಯೇ ಬಂದವು. ಮೂರನೆಯದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ತೆಳು ಚರ್ಮವನ್ನು ತೂರಿ ಹಲಗೆಗೆ ಕಚ್ಚಿಕೊಂಡಿತು. ಹುಡುಗ ಕಿರುಚಿದ. ಕೈ ಎಳೆದುಕೊಳ್ಳಲು ನೋಡಿದಷ್ಟೂ ಚರ್ಮ ಹರಿಯಿತು.

"ನೀನು ಅಲ್ಲಾಡಿದೆ," ಎಂದ ಅಣ್ಣ.

"ಹೌದು, ಅವನೇ ಅಲ್ಲಾಡಿದ್ದು. ನಾನು ನೋಡಿದೆ," ಎಂದಳು ಅಮ್ಮ. ಆಗ ಅವಳು ಬಾಗಿಲಾಚೆ ಬೆನ್ನು ಮಾಡಿ ಊಟದ ಪಾತ್ರೆ ತೊಳೆಯುತ್ತಿದ್ದಳು.

ಹನ್ನೊಂದು ವರ್ಷದ ಹುಡುಗ ಅದನ್ನು ನಂಬಿಬಿಟ್ಟ. ತಪ್ಪು ತನ್ನದೇ, ತಾನು ಅಲ್ಲಾಡಬಾರದಿತ್ತು. ಮುಂದಿನ ಹದಿನೈದು ವರ್ಷ ಅವನು ಕಲಿತದ್ದು ಒಂದೇ ವಿದ್ಯೆ, ಅಲ್ಲಾಡದಿರುವುದು. ಬೈದರೂ ಅಲ್ಲಾಡುತ್ತಿರಲಿಲ್ಲ, ಬಡಿದರೂ ಅಲ್ಲಾಡುತ್ತಿರಲಿಲ್ಲ. ಎಸೆಯುವ ಗೆರೆಯ ಮೇಲೆ ನಿಂತನೆಂದರೆ ಮೊಣಕೈಯಿಂದ ಕೆಳಗಷ್ಟೇ ಜೀವ ಇರುತ್ತಿತ್ತು. ಜನ ಅದಕ್ಕೇ ಕಂಬ ಎಂದರು, ಚಪ್ಪಾಳೆ ತಟ್ಟಿದರು. ಆದರೆ ಡಬಲ್ ಹದಿನಾರಿಗೆ ಮಾತ್ರ ಅವನು ಕೈ ಎತ್ತುತ್ತಿರಲಿಲ್ಲ. ಅದರತ್ತ ನೋಡಿದರೆ ಸಾಕು, ಎಡಗೈಯ ಹಳೇ ಗಾಯ ಚುಳ್ಳೆನ್ನುತ್ತಿತ್ತು. ಅದರ ಎರಡರಷ್ಟಾದ ಮೂವತ್ತೆರಡು ಉಳಿಯದ ಹಾಗೆ ಸುತ್ತು ಬಳಸಿ ಲೆಕ್ಕ ಹಾಕಿಯೇ ಅವನು ಇಲ್ಲಿಯವರೆಗೆ ಬಂದದ್ದು.

ಇವತ್ತು ಎದುರಾಳಿ ಅಣ್ಣನೇ. ಅವನನ್ನು ಗೆದ್ದರೆ ಎರಡು ವರ್ಷದ ಟೂರ್ನಿ ಕಾರ್ಡು. ಊರೂರು ಸುತ್ತಿ ಆಡಬಹುದು, ಶೆಡ್ಡಿನ ಮುಖ ನೋಡಬೇಕಿಲ್ಲ. ಸೋತರೆ ನಾಳೆ ಬೆಳಗ್ಗೆ ಎಂಟಕ್ಕೆ ಅದೇ ತಗಡು, ಅದೇ ಸುತ್ತಿಗೆ.

ಹೊಟ್ಟೆಯ ನೋವಿನಲ್ಲೇ ತಮ್ಮ ವೇದಿಕೆ ಹತ್ತಿದ. ಎರಡು ಸಾವಿರ ಜನ ಬಾಯಿ ಹರಿಯುವಂತೆ ಕೂಗುತ್ತಿದ್ದರು. ಅಮ್ಮ ಮೊದಲ ಸಾಲಿನ ನಡುವೆ ಕೂತಿದ್ದಳು. ಹನ್ನೊಂದು ಆಟಗಳ ಪಂದ್ಯ ಐದೈದು ಸಮವಾಗಿ ಕೊನೆಯ ಆಟಕ್ಕೆ ಬಂದು ನಿಂತಿತು. ಅಣ್ಣ ಹಲಗೆಯಿಂದ ಡಾರ್ಟು ಕಿತ್ತುಕೊಂಡು ಬರುವಾಗಲೆಲ್ಲ ಭುಜಕ್ಕೆ ಭುಜ ಕುಟ್ಟಿ ಹೋಗುತ್ತಿದ್ದ. ಒಮ್ಮೆ ಬೂಟಿನ ಹಿಮ್ಮಡಿಯಿಂದ ತಮ್ಮನ ಕಾಲ್ಬೆರಳು ತುಳಿದು ಅರೆದ. ತೀರ್ಪುಗಾರ ಎರಡು ಸಲ ಎಚ್ಚರಿಕೆ ಕೊಟ್ಟ. ಕಂಬ ಅಲ್ಲಾಡಲಿಲ್ಲ.

ಕೊನೆಯ ಆಟದಲ್ಲಿ ತಮ್ಮನಿಗೆ ನಲವತ್ತೆರಡು ಉಳಿದು ಕೈಯಲ್ಲಿ ಒಂದೇ ಡಾರ್ಟ್ ಇತ್ತು. ಇಂಥ ಹೊತ್ತಿನಲ್ಲಿ ಜಗತ್ತೆಲ್ಲ ಹತ್ತಕ್ಕೆ ಎಸೆದು ಮೂವತ್ತೆರಡು ಉಳಿಸಿಕೊಳ್ಳುತ್ತದೆ. ಇವನು ಹತ್ತರ ಪಕ್ಕದ ಆರಕ್ಕೆ ಗುರಿಯಿಟ್ಟ. ಮೂವತ್ತಾರು ಉಳಿದರೆ ಡಬಲ್ ಹದಿನೆಂಟು, ಅದಕ್ಕೆ ಅವನ ಕೈ ಹೆದರುವುದಿಲ್ಲ. ಆದರೆ ಎಸೆಯುವ ಕ್ಷಣದಲ್ಲಿ ಹೊಟ್ಟೆ ಹಿಡಿದುಕೊಂಡಿತು. ಡಾರ್ಟು ಕೂದಲೆಳೆಯಷ್ಟು ಕೆಳಗೆ ಜಾರಿ ಹತ್ತಕ್ಕೆ ಬಿತ್ತು. ಜಾಣ ಲೆಕ್ಕ ಎಂದು ಸಭಾಂಗಣವೇ ಚಪ್ಪಾಳೆ ತಟ್ಟಿತು. ಉಳಿದದ್ದು ಮೂವತ್ತೆರಡು.

ಇನ್ನು ಗೆಲ್ಲಲು ನೇರ ದಾರಿ ಡಬಲ್ ಹದಿನಾರೊಂದೇ. ಅಣ್ಣನಿಗೆ ಒಂದು ಚೂರೂ ಹೇಳಿಕೊಡಬೇಕಾಗಿರಲಿಲ್ಲ, ಹಲ್ಲು ಕಿರಿದ.

ಅಣ್ಣನಿಗೆ ಬೇಕಿದ್ದದ್ದು ಡಬಲ್ ಎಂಟು, ಹದಿನಾರರ ಪಕ್ಕದ ಮನೆ. ಮೂರು ಡಾರ್ಟು ಎಸೆದ. ಮೂರೂ ಅಂಚಿನ ತಂತಿಯ ಹೊರಗೇ ನಾಟಿದವು. ಜನ ಹೋ ಎಂದರು. ಅವನ ಕುತ್ತಿಗೆ ಕೆಂಪೇರಿತು. ದಡದಡ ನಡೆದು ಹೋಗಿ, ಎಡಗೈಯನ್ನು ಹಲಗೆಯ ಮೇಲೆ ಊರಿ, ಬಲಗೈಯಿಂದ ಒಂದೊಂದೇ ಡಾರ್ಟು ಕಿತ್ತ. ಕಿತ್ತಾದ ಮೇಲೂ ಎಡಗೈ ತೆಗೆಯಲಿಲ್ಲ. ಬೆರಳು ಹರಡಿಕೊಂಡು ಆ ಕೈ ಸರಿಯಾಗಿ ಡಬಲ್ ಹದಿನಾರರ ಮೇಲಿತ್ತು.

ತಮ್ಮ ಆಗಲೇ ಗೆರೆಗೆ ಬಂದಿದ್ದ. ನಡುವೆ ಎಂಟಡಿಯೂ ಇರಲಿಲ್ಲ. ಅಣ್ಣ ಹೆಗಲ ಮೇಲಿಂದ ತಿರುಗಿ, ತಮ್ಮನಿಗಷ್ಟೇ ಕೇಳುವಂತೆ ಹೇಳಿದ:

"ಆವತ್ತು ನೀನು ಅಲ್ಲಾಡಿರಲಿಲ್ಲ ಕಣೋ. ನೋಡೇ ಹೊಡೆದಿದ್ದೆ."

ಕೈ ನಡುಗಿಸಲೆಂದೇ ಆಡಿದ ಮಾತು. ಈ ಒಂದು ಮಾತನ್ನು ಅವನು ಹದಿನೈದು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ.

ತಮ್ಮನ ಕೈ ನಡುಗಲಿಲ್ಲ. ಹಲಗೆ ತೆರವು ಮಾಡಿ ಎಂದು ತೀರ್ಪುಗಾರ ಬಾಯಿ ತೆರೆಯುವುದರೊಳಗೆ ಮೊಣಕೈ ಮಡಿಸಿ ಎಸೆದ. ಅವನು ಜೀವಮಾನದಲ್ಲಿ ಎಸೆದ ಅತ್ಯಂತ ಶುದ್ಧವಾದ ಡಾರ್ಟು ಅದು. ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮ ತೂರಿ, ಅಣ್ಣನ ಕೈಯನ್ನು ಡಬಲ್ ಹದಿನಾರಕ್ಕೆ ಹೊಡೆದು ನಿಲ್ಲಿಸಿತು.

ಅಣ್ಣ ಪ್ರಾಣಿಯಂತೆ ಅರಚಿದ. ರಕ್ತ ಮಣಿಕಟ್ಟಿನಿಂದ ಇಳಿದು ಬಿಳಿ ಅಂಗಿಯ ತೋಳಿಗೆ ಹಬ್ಬಿತು. ಎಳೆದ, ಹರಿಯಿತು, ಮತ್ತೆ ಅರಚಿದ. ತಮ್ಮನಿಗೆ ಖುಷಿಯಾಯಿತು. ಸುಳ್ಳು ಯಾಕೆ, ಮೈಯೆಲ್ಲ ತಣ್ಣಗಾಗುವಷ್ಟು ಖುಷಿಯಾಯಿತು.

ತೀರ್ಪುಗಾರ ಓಡಿಬಂದು ಡಾರ್ಟು ಕಿತ್ತ. ಬಟ್ಟೆ ಸುತ್ತುತ್ತ ಕೇಳಿದ, "ಏನಾಯ್ತು? ಬೇಕಂತಲೇ ಹೊಡೆದ್ನಾ?"

ಅಣ್ಣನ ಮುಖ ಸುಣ್ಣವಾಗಿತ್ತು. ತಮ್ಮನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದ. ಆಮೇಲೆ, ಯಾರೂ ಎಣಿಸದಿದ್ದದ್ದು, ನಕ್ಕ.

"ಇಲ್ಲ ಸಾರ್. ಕೈ ತೆಗೀತಾ ಇದ್ದೆ, ನಾನೇ ಅಲ್ಲಾಡಿದೆ." ತಮ್ಮನ ಹತ್ತಿರ ಬಂದು ಪಿಸುಗುಟ್ಟಿದ, "ಈಗ ನನ್ನ ತಮ್ಮ ಅನ್ನಿಸ್ಕೊಂಡೆ ನೋಡು."

ಕೆಳಗಿನಿಂದ ಅಮ್ಮನ ದನಿ ಬಂತು. "ಹೌದು ಸಾರ್, ಅವನೇ ಅಲ್ಲಾಡಿದ್ದು. ನಾನು ನೋಡಿದೆ."

ತೀರ್ಪುಗಾರ ಒಂದು ಕ್ಷಣ ಯೋಚಿಸಿದ. ಆಕಸ್ಮಿಕವಾದರೆ ಆ ಡಾರ್ಟು ಲೆಕ್ಕಕ್ಕಿಲ್ಲ, ತಮ್ಮನಿಗೆ ಮತ್ತೆ ಮೂರು ಎಸೆತ ಸಿಗುತ್ತದೆ ಎಂದ. ಮೂವತ್ತೆರಡಕ್ಕೆ ಮೂರು ಡಾರ್ಟ್. ಹದಿನಾರರ ಮೇಲಿದ್ದ ಹೆದರಿಕೆ ಸತ್ತುಹೋಗಿತ್ತು, ಗಾಯ ಚುಳ್ಳೆನ್ನಲಿಲ್ಲ. ಕಣ್ಣು ಮುಚ್ಚಿ ಎಸೆದರೂ ನಾಟುತ್ತಿತ್ತು. ಅಣ್ಣನ ಸಿದ್ಧಾಂತ ಸರಿಯಾಗಿಯೇ ಇತ್ತು, ಅಣ್ಣನ ಕೈ ಬೇಕಾಗಿತ್ತು ಅಷ್ಟೆ.

ಅದು ಹೊಳೆದದ್ದೇ, ತೀರ್ಪುಗಾರ ಚಾಚಿದ ಡಾರ್ಟನ್ನು ತಮ್ಮ ತೆಗೆದುಕೊಳ್ಳಲಿಲ್ಲ. ಕಾರ್ಡು ಸಿಗುತ್ತದೆ, ಶೆಡ್ಡು ತಪ್ಪುತ್ತದೆ. ಆದರೆ ಹೋದ ಊರಿಗೆಲ್ಲ ಆ ಶೆಡ್ಡಿನ ನಿಯಮವನ್ನು ಹೊತ್ತುಕೊಂಡೇ ಹೋಗಬೇಕು. ಹೊಡೆದವನ ತಪ್ಪೇನೂ ಇಲ್ಲ, ಹೊಡೆಸಿಕೊಂಡವನೇ ಅಲ್ಲಾಡಿದ್ದು. ಅವನ ಖುಷಿಯೆಲ್ಲ ಇಳಿದು ಹೋಯಿತು. ಅಣ್ಣನ ನಗು ಮಾತ್ರ ಎದುರಿಗೇ ಇತ್ತು.

ಕೈಯಲ್ಲುಳಿದಿದ್ದ ಎರಡು ಡಾರ್ಟುಗಳನ್ನು ತೀರ್ಪುಗಾರನ ಮೇಜಿನ ಮೇಲಿಟ್ಟ.

"ಅವನು ಅಲ್ಲಾಡಲಿಲ್ಲ ಸಾರ್. ನಾನು ನೋಡೇ ಹೊಡೆದೆ."

ಅಣ್ಣನ ನಗು ಅಲ್ಲೇ ಸತ್ತಿತು. "ಲೇ ಬೇವರ್ಸಿ!" ಎಂದು ರಕ್ತದ ಕೈಯಲ್ಲೇ ಮೇಲೆ ಬಿದ್ದ. ಒಂದು ಗುದ್ದು ತಮ್ಮನ ದವಡೆಗೆ ಬಿತ್ತು. ಟೀವಿಯಲ್ಲಿ ಅದು ಚೆನ್ನಾಗಿಯೇ ಕಂಡಿತು. ಕಾವಲಿನವರು ನಾಲ್ಕು ಜನ ಬಂದು ಇಬ್ಬರನ್ನೂ ಬಿಡಿಸಿದರು, ಇಬ್ಬರು ತಮ್ಮನ ತೋಳು ತಿರುಚಿ ಹಿಡಿದು ಮೆಟ್ಟಿಲಿಳಿಸಿದರು. ಇನ್ನು ಯಾವ ಟೂರ್ನಿಯವರೂ ಅವನನ್ನು ಹತ್ತಿರ ಸೇರಿಸುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಮೊದಲ ಸಾಲಿನ ಮುಂದೆ ಅಮ್ಮ ಅಡ್ಡ ನಿಂತಳು.

"ಹುಚ್ಚು ಹಿಡೀತೇನೋ ನಿಂಗೆ? ಅವನೇ ಅಲ್ಲಾಡಿದೆ ಅಂತ ಒಪ್ಕೊಂಡ್ನಲ್ಲ!"

ಬಾಯಲ್ಲಿ ತುಂಬಿದ್ದ ರಕ್ತವನ್ನು ತಮ್ಮ ನುಂಗಿಕೊಂಡ.

"ಆವತ್ತು ನಾನೂ ಅಲ್ಲಾಡಿರಲಿಲ್ಲಮ್ಮ."

ನಾನು ನೋಡಿದೆ ಎನ್ನಲು ಅಮ್ಮ ಬಾಯಿ ತೆರೆದಳು. ಮತ್ತೆ ಮುಚ್ಚಿ, ಕಾವಲಿನವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.