ದಾರಿಯಲ್ಲಿ ಯಾರಾದರೂ ನಿಂತಿದ್ದರೇ?

ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಮರ್ವ್ ಟ್ರೆಜೈಸ್‌ಗೆ ಅದು ಬಂದದ್ದು ಅರವತ್ತಮೂರಕ್ಕೆ, ತಡವಾದದ್ದಕ್ಕೆ ಬಡ್ಡಿ ಸೇರಿಸಿಕೊಂಡೇ ಬಂತು. ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾಗಿ, ಪೋರ್ಟ್ ಆಗಸ್ಟಾದ ಮನೆಯ ಹಿತ್ತಲಲ್ಲಿ ತಾನಾಯಿತು ತನ್ನ ಟೊಮೇಟೊ ಗಿಡವಾಯಿತು ಎಂದಿದ್ದ ಮನುಷ್ಯ, ಯಾರದೋ ಕುರಿ ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿದ್ದ ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಎಳೆದು ತಂದ. ಎರಡು ವರ್ಷ ಅದರ ಕೆಳಗೇ ಮಲಗಿದ. ಹೆಂಡತಿ ನೊರೀನ್ ಊಟಕ್ಕೆ ಕರೆಯಬೇಕಾದರೆ ಅವನ ಬೂಟುಗಳ ಜೊತೆ ಮಾತಾಡಬೇಕಾಗಿತ್ತು. ಕ್ರಿಸ್ಮಸ್ಸಿನ ಹೊತ್ತಿಗೆ ಕಾರು ಕೆಂಪು ಬಣ್ಣ ಬಳಿಸಿಕೊಂಡು ಹೊರಗೆ ಬಂತು. ಅಲ್ಲಿ ಅದು ಉರಿಬೇಸಿಗೆಯ ಕಾಲ. ಬಯಲು ದಾಟಿ ಉತ್ತರದ ತುದಿಯ ಡಾರ್ವಿನ್‌ವರೆಗೆ ಓಡಿಸಬೇಕೆಂದು ಕೂತವನಿಗೆ ಇನ್ನು ಚಳಿಗಾಲದವರೆಗೆ ಕಾಯುವ ತಾಳ್ಮೆ ಎಲ್ಲಿದೆ?

“ಜನವರೀಲಿ ಡಾರ್ವಿನ್‌ಗೆ ಈ ರೋಡಲ್ಲಿ ಹೋಗೋರು ಎರಡೇ ಥರದ ಜನ. ಹುಚ್ಚರು, ಹುಚ್ಚರನ್ನ ಕಟ್ಟಿಕೊಂಡೋರು,” ಎಂದಳು ನೊರೀನ್. ಹಾಗೆನ್ನುತ್ತಲೇ ಫ್ಲಾಸ್ಕಿಗೆ ಚಹಾ ತುಂಬಿದಳು.

ಹಳೆಯ ಕಾರುಗಳ ಸಂಘದ ಗೆಳೆಯರು ಇನ್ನೂ ಒಂದು ಕೈ ಮೇಲೆ. “ಕಾರ್ಲಾ ವೆಲ್ ಮುಟ್ಟೋಕೆ ಮುಂಚೇನೇ ನಿನ್ನ ಡಬ್ಬಾನ ಲಾರಿ ಮೇಲೆ ಹೇರಿಕೊಂಡು ವಾಪಸ್ ಬರ್ತೀಯ, ಮಾರಾಯ. ಬಂದ ಮೇಲೆ ಬಿಯರ್ ನಮ್ಮದು,” ಎಂದು ಬೀಳ್ಕೊಟ್ಟರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆ ಕಾರಿಗೆ ಒಂದು ರೋಗವಿತ್ತು. ಬಿಸಿಯಾಗಿ ಓಡಿದ ಮೇಲೆ ಎಂಜಿನ್ ಆರಿಸಿದರೆ, ಅದು ತಣ್ಣಗಾಗುವ ತನಕ ಮತ್ತೆ ಹೊತ್ತಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಕೊನೆಯ ಬಂಕಿನಿಂದ ಕಾರ್ಲಾ ವೆಲ್ ಊರಿನವರೆಗಿನ ದಾರಿಯನ್ನು, ಎಂದರೆ ಮನೆಯಿಲ್ಲದ, ಮರವಿಲ್ಲದ, ಫೋನಿಗೆ ಸಿಗ್ನಲ್ಲೂ ಇಲ್ಲದ ಆ ಉದ್ದನೆಯ ಬಯಲನ್ನು, ಒಂದೇ ಉಸಿರಿನಲ್ಲಿ ದಾಟುವುದೆಂದು ಮರ್ವ್ ಶಪಥ ಮಾಡಿದ್ದ.

ಕಾರು ಓಡಿತು. ಓಡಿದ್ದೆಂದರೆ ಸಾಮಾನ್ಯ ಓಟವೇ! ಸೀಟು ನೆಲಕ್ಕೆ ತಾಗುವಷ್ಟು ಕೆಳಗಿದ್ದದ್ದರಿಂದ ಮರ್ವ್‌ಗೆ ರಸ್ತೆ ತನ್ನ ತೊಡೆಯ ಕೆಳಗೇ ಜಾರಿಹೋಗುತ್ತಿದೆ ಅನ್ನಿಸುತ್ತಿತ್ತು. ಬಿಸಿಲಿಗೆ ಟಾರು ಮಿನುಗುತ್ತಿತ್ತು, ಎರಡೂ ಬದಿಗೆ ಮೊಣಕಾಲೆತ್ತರದ ಬೂದು ಪೊದೆ. ಎದುರಿಗೆ ಬಂದ ಒಂದೆರಡು ಗಾಡಿಗಳಿಗೆ ಮರ್ವ್ ಸ್ಟೀರಿಂಗಿನ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳಿದ, ಅವರೂ ಎತ್ತಿದರು. ಅಲ್ಲಿನ ವಾಡಿಕೆ ಅದು. ನೊರೀನ್ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ್ದಳು. ಹತ್ತು ವರ್ಷಗಳಲ್ಲಿ ಮರ್ವ್ ಅಷ್ಟು ಖುಷಿಯಾಗಿದ್ದದ್ದಿಲ್ಲ.

ಆಗ ದೂರದಲ್ಲಿ ಒಂದು ಬಿಳಿ ಪಿಕಪ್ ಗಾಡಿ ಕಾಣಿಸಿತು. ಬಾನೆಟ್ ಎತ್ತಿತ್ತು, ಆಚೆ ಬದಿಯ ಬಾಗಿಲು ತೆರೆದಿತ್ತು. ಒಬ್ಬ ದಪ್ಪ ಮನುಷ್ಯ ರಸ್ತೆಯ ಅಂಚಿಗೆ ಬಂದು ಕೈ ಎತ್ತಿದ.

ಅಲ್ಲಿ ಯಾರೂ ನಿಂತ ಗಾಡಿಯನ್ನು ಹಾಗೇ ದಾಟಿ ಹೋಗುವುದಿಲ್ಲ. ಹೆಂಡತಿಯ ಜೊತೆ ಜಗಳವಾಡಿ ಅವಳನ್ನು ಬಿಟ್ಟೇ ಹೊರಟವನೂ ನಿಲ್ಲಿಸುತ್ತಾನೆ. ಮರ್ವ್ ಕೂಡ ಎಷ್ಟೋ ಸಲ ನಿಲ್ಲಿಸಿದವನೇ. ಈ ಸಲ ಅವನ ಕಾಲು ಬ್ರೇಕಿನ ಕಡೆ ಹೋಯಿತು, ಹೋಗಿ ಹಿಂದಕ್ಕೆ ಬಂತು. ನಿಲ್ಲಿಸಿದರೆ ಕಾರು ಮತ್ತೆ ಹೊರಡದು. ಇರುವುದೇ ಎರಡು ಸೀಟು, ಅವನನ್ನು ಕೂರಿಸುವುದಾದರೂ ಎಲ್ಲಿ? ಹಿಂದೆ ಲಾರಿಗಳು ಬಂದೇ ಬರುತ್ತವೆ. ನೆಪ ಬೇಕಾದವನಿಗೆ ನೆಪಕ್ಕೇನು ಬರ? ಎಂಜಿನ್ ಆರಿಸದೆಯೇ ನಿಲ್ಲಿಸಬಹುದಿತ್ತು. ಅದು ಅವನಿಗೆ ಹೊಳೆಯಿತು ಕೂಡ. ಹೊಳೆದದ್ದನ್ನು ಪಕ್ಕಕ್ಕೆ ತಳ್ಳಿ, ಎದುರು ಬಂದವರಿಗೆ ಎತ್ತುವಂತೆಯೇ ಒಂದು ಬೆರಳೆತ್ತಿ, ಮುಂದೆ ಹೋದ. ಆ ಮನುಷ್ಯ ರಸ್ತೆಯ ನಡುವಿಗೆ ಬಂದು ನಿಂತದ್ದು ಕನ್ನಡಿಯಲ್ಲಿ ಕಾಣಿಸಿತು. ಆಮೇಲೆ ಕಾರ್ಲಾ ವೆಲ್ ಬರುವ ತನಕ ಮರ್ವ್ ಕನ್ನಡಿ ನೋಡಲಿಲ್ಲ.

ಕಾರ್ಲಾ ವೆಲ್ ಓಪಲ್ ಹರಳು ಅಗೆಯುವವರ ಊರು. ಸೆಕೆಗೆ ಅರ್ಧ ಊರು ನೆಲದಡಿಯೇ ಮನೆ ಮಾಡಿಕೊಂಡಿದೆ. ನೆಲದ ಮೇಲಿರುವುದು ಡೆಲ್ಮಾಳ ಪೆಟ್ರೋಲ್ ಬಂಕು, ಅದಕ್ಕೆ ಅಂಟಿಕೊಂಡ ಹೋಟೆಲು. ದಕ್ಷಿಣದಿಂದ ಯಾರೇ ಬರಲಿ, ಮಂತ್ರಿಯೇ ಬರಲಿ, ತಟ್ಟೆ ಇಡುವ ಮೊದಲು ಡೆಲ್ಮಾ ಕೇಳುವ ಪ್ರಶ್ನೆ ಒಂದೇ.

“ದಾರೀಲಿ ಯಾರಾದ್ರೂ ನಿಂತಿದ್ರಾ?”

ಬಂದವನು ಇದ್ದದ್ದು ಹೇಳಬೇಕು, ನಿಂತವರಿದ್ದರೆ ಅವಳು ಫೋನ್ ಎತ್ತುತ್ತಾಳೆ. ಆ ಬಯಲಲ್ಲಿ ಜನ ಬದುಕಿ ಉಳಿಯುವುದೇ ಈ ಒಂದು ಪ್ರಶ್ನೆಯಿಂದ.

“ಇಲ್ಲ. ಯಾರೂ ಇಲ್ಲ,” ಎಂದ ಮರ್ವ್.

ಮಾತು ಬಾಯಿಂದ ಹೇಗೆ ಜಾರಿತೋ ಅವನಿಗೇ ತಿಳಿಯಲಿಲ್ಲ. ಇದ್ದರು ಎಂದಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಏನಾಗಿತ್ತಂತೆ, ನೀರಿದೆಯಂತಾ? ನಿಲ್ಲಿಸದವನಿಗೆ ಅದೆಲ್ಲ ಹೇಗೆ ಗೊತ್ತು? ಡೆಲ್ಮಾ ಮಾಂಸದ ಪೈ, ಟೊಮೇಟೊ ಸಾಸು ತಂದಿಟ್ಟು ಹೋದಳು. ಹೊರಗೆ ಇಬ್ಬರು ಹುಡುಗಿಯರು ಕೆಂಪು ಕಾರಿನ ಸುತ್ತ ಫೋಟೋ ತೆಗೆದುಕೊಳ್ಳುತ್ತಿದ್ದರು. ಅದನ್ನು ನೋಡಬೇಕೆಂದೇ ಅವನು ಎರಡು ವರ್ಷ ಕಾದಿದ್ದು. ಈಗ ಅವರು ಬೇಗ ಹೋದರೆ ಸಾಕು ಅನ್ನಿಸಿತು. ಪೈಯನ್ನು ಫೋರ್ಕಿನಿಂದ ತುಂಡು ಮಾಡುತ್ತ ಕೂತ.

ನೊರೀನ್ ತನ್ನ ಪೈಯನ್ನು ಮುಟ್ಟಿಯೇ ಇರಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೆಲ್ಲಗೆ, “ಬಿಳೀ ಗಾಡಿ,” ಎಂದಳು.

ಮರ್ವ್ ಕೈಯಲ್ಲಿದ್ದ ಫೋರ್ಕ್ ಕೆಳಗಿಟ್ಟ. “ನೀನು ಮಲಗಿದ್ದೆ.”

“ಎದ್ದೇ ಇದ್ದೆ. ಟೋಪಿ ಸಂದೀಲಿ ಕಾಣ್ತಿತ್ತು. ನೀನು ನಿಲ್ಲಿಸ್ತೀಯ ಅಂತ ಕಾದೆ, ನಿಲ್ಲಿಸ್ಲಿಲ್ಲ. ಆಮೇಲೆ ಕಣ್ಣು ಬಿಟ್ರೆ ನಾನೇ ಹೇಳ್ಬೇಕಾಗುತ್ತಲ್ಲ. ಸೆಕೆ, ಸೊಂಟನೋವು, ಬೇಗ ತಲುಪಿದ್ರೆ ಸಾಕಾಗಿತ್ತು. ಮುಚ್ಚಿಕೊಂಡೇ ಇದ್ದೆ.”

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಬ್ಬರೂ ಸೇರಿ ಮಾಡಿದ ಕೆಲಸಗಳು ಬಹಳವಿದ್ದವು. ಹೀಗೆ ಒಬ್ಬರಿಗೊಬ್ಬರು ಹೇಳದೆ ಜಾಣಕುರುಡು ತೋರಿದ್ದು ಇದೇ ಮೊದಲು. ಮರ್ವ್‌ಗೆ ಅವಳ ಮೇಲೆ ಸಿಟ್ಟು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು.

“ಡೆಲ್ಮಾಗೆ ಹೇಳ್ಬಿಡು,” ಎಂದಳು ನೊರೀನ್. “ಒಂದು ಫೋನ್ ಮಾಡಿದ್ರೆ ಇಲ್ಲಿಂದ ಯಾರಾದ್ರೂ ಹೋಗ್ತಾರೆ.”

“ಏನಂತ ಹೇಳ್ಲಿ? ಈಗಿನ್ನೂ ಯಾರೂ ಇಲ್ಲ ಅಂದಿದೀನಿ. ಸಂಜೆ ಒಳಗೆ ಊರಿಗೆಲ್ಲಾ ಗೊತ್ತಾಗುತ್ತೆ. ಕೆಂಪು ಕಾರಿನ ಮುದುಕ, ಬೆರಳು ತೋರ್ಸಿ ಬಂದೋನು ಅಂತ. ನಾವೇ ಹೋಗೋಣ, ನೀರು ತಗೊಂಡು. ಅವನು ರೇಡಿಯೇಟರ್ ತಣ್ಣಗಾಗ್ಲಿ ಅಂತ ಕಾಯ್ಕೊಂಡು ಕೂತಿರ್ತಾನೆ ಅಷ್ಟೆ.”

ಬೇಡ, ಮೊದಲು ಹೇಳು ಎಂದು ನೊರೀನ್ ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅವಳಿಗೂ ಮಾನ ಉಳಿಸಿಕೊಳ್ಳಬೇಕಿತ್ತು. ಅಷ್ಟರಲ್ಲಿ ತಣ್ಣಗಾಗಿದ್ದ ಕಾರು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಬಂದ ದಾರಿಯಲ್ಲೇ ವಾಪಸು ಹೊರಟರು. ಊರಂಚಿನಲ್ಲಿ ಎದುರಾದವರು ಬೆರಳೆತ್ತಿದರೆ ಮರ್ವ್‌ಗೆ ತಿರುಗಿ ಎತ್ತಲಾಗಲಿಲ್ಲ. ಅಲ್ಲಿಂದಾಚೆ ಎದುರಿಗೆ ಒಂದು ಗಾಡಿಯೂ ಬರಲಿಲ್ಲ.

ಪಿಕಪ್ ಅಲ್ಲೇ ಇತ್ತು. ದಪ್ಪ ಮನುಷ್ಯ ಗಾಡಿಯ ನೆರಳಿನಲ್ಲಿ ಕೂತು, ಕಂಬಳಿಯ ಮೇಲೆ ಮಲಗಿದ್ದ ಮುದುಕಿಯೊಬ್ಬಳಿಗೆ ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದ. ಕಾರಿನ ಸದ್ದಿಗೆ ಎದ್ದು ಓಡಿ ಬಂದ.

“ಬಂದ್ರಾ! ಬರ್ತಾರೆ ಅಂತ ಅಮ್ಮಂಗೆ ಹೇಳ್ತಾನೇ ಇದ್ದೆ. ಅವ್ರ ಗಾಡೀಲಿ ಜಾಗ ಇಲ್ಲ ಅಮ್ಮಾ, ಸುಮ್ನೆ ನಿಂತು ಹೊತ್ತು ಕಳೆಯೋ ಬದಲು ಊರಿಗೆ ಹೇಳೋಕೆ ಹೋಗಿದಾರೆ, ಬೆರಳೆತ್ತಿ ತೋರ್ಸಿದಾರೆ ಅಂತ.”

ಅವನ ಹೆಸರು ಯೋಸೊ. ಹುಡುಗನಾಗಿದ್ದಾಗಲೇ ಕ್ರೊಯೇಷಿಯಾದಿಂದ ಬಂದು ಕಾರ್ಲಾ ವೆಲ್‌ನಲ್ಲಿ ಓಪಲ್ ಅಗೆಯುತ್ತಿದ್ದವನು. ತಾಯಿ ಯೆಲ್ಕಾಳ ಹೃದಯಕ್ಕೆ ಅಡಿಲೇಡಿನಲ್ಲಿ ಚಿಕಿತ್ಸೆ ಕೊಡಿಸಿ ಮನೆಗೆ ಕರೆದುಕೊಂಡು ಹೋಗುತ್ತಿದ್ದ. ಮೊದಮೊದಲು ಅವಳು ಚೆನ್ನಾಗಿಯೇ ಇದ್ದಳಂತೆ, ಹಳೆಯ ಗಾಡಿ ಇಟ್ಟುಕೊಂಡದ್ದಕ್ಕೆ ಮಗನನ್ನು ಬೈಯುತ್ತಿದ್ದಳಂತೆ. ಆಮೇಲೆ ಬೈಯುವುದು ನಿಂತಿತು.

ನೊರೀನ್ ಯಾರೂ ಹೇಳುವ ಮೊದಲೇ ಕಾರಿನಿಂದ ಇಳಿದಳು. ಮೂವರೂ ಸೇರಿ ಮುದುಕಿಯನ್ನು ಎತ್ತಿ ಆ ತಗ್ಗಿನ ಸೀಟಿನಲ್ಲಿ ಕೂರಿಸಿದರು. ಮರ್ವ್ ಎಂಜಿನ್ ಆರಿಸಲಿಲ್ಲ.

“ಹೋಗಿ, ಹೋಗಿ. ಇವ್ರ ಜೊತೆ ನಾನಿರ್ತೀನಿ,” ಎಂದಳು ನೊರೀನ್.

ಆ ಕಾರಿನಲ್ಲಿ ಎಷ್ಟು ಓಟವಿತ್ತೋ ಅಷ್ಟನ್ನೂ ಮರ್ವ್ ಆವತ್ತು ಹಿಂಡಿದ. ಬೆಳಿಗ್ಗೆ ಇದೇ ವೇಗಕ್ಕೆ ಅವನು ಒಬ್ಬನೇ ನಗುತ್ತಿದ್ದ. ಈಗ ಮುದುಕಿಯ ತಲೆ ಪಕ್ಕಕ್ಕೆ ವಾಲಿದಾಗಲೆಲ್ಲ ಎಡಗೈಯಿಂದ ನೆಟ್ಟಗೆ ಮಾಡುತ್ತ, “ಇನ್ನೇನು ಬಂತು ಅಮ್ಮಾ, ಬಂತು,” ಎನ್ನುತ್ತಿದ್ದ. ನಡುವೆ ಒಮ್ಮೆ ಅವಳು ಕಣ್ಣು ತೆರೆದಳು.

“ನಿನ್ನ ತಾಯಿ ಇದಾಳಾ?”

“ಇಲ್ಲ.”

“ಒಳ್ಳೇ ಮಗನ್ನ ಹೆತ್ತಿದ್ಲು,” ಎಂದು ಯೆಲ್ಕಾ ಅವನ ಮಣಿಕಟ್ಟಿನ ಮೇಲೆ ಕೈ ಇಟ್ಟಳು. ಕೈ ಒಣಗಿ ಕಾದಿತ್ತು. ಗೇರ್ ಬದಲಿಸುವಾಗಲೂ ಅವಳು ಅದನ್ನು ತೆಗೆಯಲಿಲ್ಲ. ತೆಗೆದರೆ ಸಾಕು ಎಂದು ಮರ್ವ್ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ.

ಕಾರ್ಲಾ ವೆಲ್‌ನ ಆಸ್ಪತ್ರೆಯವರು ಅವಳನ್ನು ಓಡುತ್ತಲೇ ಒಳಗೆ ಒಯ್ದರು. ಯೋಸೊ ಮತ್ತು ನೊರೀನ್‌ರನ್ನು ಕರೆತರಲು ಪೊಲೀಸ್ ಜೀಪು ಹೋಯಿತು. ಅವರು ಬರುವ ಸ್ವಲ್ಪ ಮೊದಲು ಡಾಕ್ಟರು ಹೊರಗೆ ಬಂದು, ಮರ್ವ್‌ನನ್ನೇ ಮಗ ಎಂದುಕೊಂಡು, ಭುಜ ತಟ್ಟಿ, “ಬಿಸಿಲಲ್ಲಿ ಇದ್ದದ್ದು ಜಾಸ್ತಿಯಾಯ್ತು, ಹೃದಯ ತಡೀಲಿಲ್ಲ,” ಎಂದರು. ಇನ್ನೂ ಬೇಗ ಬಂದಿದ್ದರೆ ಎಂದು ಮರ್ವ್ ಕೇಳಿದ. ಡಾಕ್ಟರು ಒಳ್ಳೆಯವರು, ಮತ್ತೊಮ್ಮೆ ಭುಜ ತಟ್ಟಿ ಒಳಗೆ ಹೋದರು.

ಯೋಸೊ ಬಂದ ಕೂಡಲೇ ಅವನನ್ನು ಒಳಗೆ ಕರೆದುಕೊಂಡು ಹೋದರು. ಮರ್ವ್ ಆಸ್ಪತ್ರೆಯ ಜಗುಲಿಯ ಬೆಂಚಿನ ಮೇಲೆ ಕೂತು ಹೇಳಬೇಕಾದ ಮಾತನ್ನು ಜೋಡಿಸಿದ. ನಾನು ನಿಮಗಾಗಿ ಊರಿಗೆ ಹೋಗಲಿಲ್ಲ. ಯಾರಿಗೂ ಹೇಳಲಿಲ್ಲ. ಕೇಳಿದವರಿಗೂ ಇಲ್ಲವೆಂದೆ. ಪೈ ತಿನ್ನುತ್ತ ಕೂತಿದ್ದೆ. ಇಷ್ಟು ಹೇಳಿದರೆ ಎದೆಯ ಮೇಲಿನ ಭಾರ ಇಳಿಯುತ್ತದೆ, ಅವನು ಹೊಡೆದರೆ ಹೊಡೆಯಲಿ. ನೊರೀನ್ ಅವನ ಮುಖ ನೋಡಿಯೇ ತಿಳಿದುಕೊಂಡು, “ಹೇಳು,” ಎಂದಳು. “ನಂದೂ ಸೇರಿಸಿ ಹೇಳು.”

ಯೋಸೊ ಹೊರಗೆ ಬಂದು ಅವರ ಪಕ್ಕದಲ್ಲೇ ಕೂತ. ಅತ್ತು ಮುಖ ಊದಿಕೊಂಡಿತ್ತು.

“ಯೋಸೊ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು,” ಎಂದ ಮರ್ವ್.

“ನಾನೂ ಒಂದು ಕೇಳ್ಬೇಕು. ಮೊದ್ಲು ನಂದು ಕೇಳ್ತೀನಿ, ಆಮೇಲೆ ಕೇಳೋ ಧೈರ್ಯ ಬರಲ್ಲ.” ಯೋಸೊ ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ. “ನೀವು ಹೋದ ಸ್ವಲ್ಪ ಹೊತ್ತಿಗೇ ದಕ್ಷಿಣಕ್ಕೆ ಹೋಗೋ ಒಂದು ದೊಡ್ಡ ಲಾರಿ ನಿಲ್ಲಿಸ್ತು. ಆ ಡ್ರೈವರ್ ಹತ್ರ ಎಲ್ಲಿದ್ರೂ ಸಿಗ್ನಲ್ ಸಿಗೋ ಸ್ಯಾಟಲೈಟ್ ಫೋನ್ ಇತ್ತು. ಆಂಬುಲೆನ್ಸಿಗೆ ಫೋನ್ ಮಾಡ್ಲಾ ಅಂದ. ನಾನೇ ಬೇಡ ಅಂದೆ. ಆಗ್ಲೇ ಒಬ್ರು ಹೇಳೋಕೆ ಹೋಗಿದಾರಪ್ಪಾ, ಅಮ್ಮ ಚೆನ್ನಾಗೇ ಇದಾಳೆ, ನೀನು ಹೊರಡು ಅಂದೆ. ಕೈಯಾರೆ ಕಳಿಸಿಬಿಟ್ಟೆ.”

ನೊರೀನ್ ಬಾಯಿಗೆ ಕೈ ಹಿಡಿದುಕೊಂಡಳು.

“ಅಮ್ಮನ್ನ ನಾನೇ ಸಾಯಿಸಿದ್ನಾ ಅಂತ ಒಳಗೆ ಕೂತು ಯೋಚಿಸ್ತಿದ್ದೆ,” ಎಂದ ಯೋಸೊ. “ಆಮೇಲೆ ಅನ್ನಿಸ್ತು, ಇಲ್ಲ, ನೀವು ಹೋಗಿದ್ರಲ್ಲ. ನೀವು ಹೇಳೋಕೇ ಅಂತ ಹೋಗಿದ್ರಿ. ಗಾಡಿ ಸಿಗೋದು ತಡ ಆಗಿರುತ್ತೆ, ಅದಕ್ಕೆ ನೀವೇ ವಾಪಸ್ ಬಂದ್ರಿ. ನೀವು ಹೋಗಿರ್ದೇ ಇದ್ದಿದ್ರೆ ನಾನು ಮಾಡಿದ್ದು ತಪ್ಪು. ಹೋಗಿದ್ರಿಂದ ತಪ್ಪಲ್ಲ. ಅಲ್ವಾ? ನಾನು ಮಾಡಿದ್ದು ಸರಿ ತಾನೆ?”

ಮರ್ವ್ ಜೋಡಿಸಿಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ತನ್ನ ಭಾರ ಇಳಿಯುವುದು ನಿಜ, ಇಳಿದು ಬೀಳುವುದು ಮಾತ್ರ ಈ ಮನುಷ್ಯನ ತಲೆಯ ಮೇಲೆ, ಸಾಯುವ ತನಕ. ಅವನು ನೊರೀನಳ ಕಡೆ ನೋಡಿದ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು.

“ಸರೀನೇ ಮಾಡಿದ್ರಿ,” ಎಂದ ಮರ್ವ್. “ನಾನು ಹೇಳೋಕೇ ಅಂತ ಹೋಗಿದ್ದೆ.”

ಯೋಸೊ ದೀರ್ಘವಾಗಿ ಉಸಿರು ಬಿಟ್ಟ. ಅವನ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಮರ್ವ್‌ನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು, ನಾಡಿದ್ದು ಮಣ್ಣು ಮಾಡುತ್ತೇವೆ, ಇಲ್ಲಿ ನಮಗೆ ನೆಂಟರಿಷ್ಟರು ಅಂತ ಯಾರೂ ಇಲ್ಲ, ಅಮ್ಮನಿಗೆ ಹೆಗಲು ಕೊಡಲು ನೀವಿರಬೇಕು ಎಂದ. ಆಮೇಲೆ ಏನೋ ನೆನಪಾದವನಂತೆ, “ನೀವೇನೋ ಹೇಳ್ಬೇಕು ಅಂದ್ರಲ್ಲ?” ಎಂದು ಕೇಳಿದ.

“ಏನಿಲ್ಲ,” ಎಂದ ಮರ್ವ್. “ನಾಡಿದ್ದು ಇರ್ತೀವಿ.”